ಬಂದ ಗಿರಾಕಿಯನ್ನು ಹಿಂದೆ ಕಳಿಸುವ ಹಕ್ಕು

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತೋಟದ ಮನೆಗೆ ತಾಗಿಕೊಂಡೇ ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಈ ಚಳಿಗಾಲದಲ್ಲಿ ಎರಡು ಸಲ ಬಂದವರನ್ನು ಬೇಡವೆಂದು ಕಳಿಸಿದೆವು. ಮೊದಲ ಸಲ, ಕುಡಿದು ಬಂದು ಅಂಗಳದಲ್ಲೇ ಗಲಾಟೆ ಎಬ್ಬಿಸಿದ ಎಂಟು ಮಂದಿ ಯುವಕರನ್ನು. ಎರಡನೆಯ ಸಲ, ಫೋನಿನಲ್ಲಿ ಕೋಣೆ ಹೇಳಿಟ್ಟು ಮುಂಗಡವನ್ನೂ ಕಳಿಸಿದ್ದ ಒಂದು ಕುಟುಂಬವನ್ನು. ಜಗಲಿಯಲ್ಲಿ ಕೂತಿದ್ದ ನನ್ನ ಮಾವ ‘ನೀವು ಯಾವ ಪೈಕಿ’ ಎಂದು ಕೇಳಿದರು. ಅವರು ಪರಿಶಿಷ್ಟ ಜಾತಿಯವರೆಂದು ತಿಳಿದ ಮೇಲೆ ಮುಂಗಡ ತಿರುಗಿ ಕೊಟ್ಟು, ಕೋಣೆ ಖಾಲಿಯಿಲ್ಲ ಎಂದುಬಿಟ್ಟರು. ಮನೆ ನಮ್ಮದು, ಒಲೆ ನಮ್ಮದು, ಅವರ ಹಣವನ್ನು ಇಟ್ಟುಕೊಂಡಿಲ್ಲ, ತಪ್ಪೇನು ಎಂಬುದು ಮಾವನವರ ಮಾತು. ಇದು ಅಪರಾಧ ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ. ಖಾಸಗಿ ವ್ಯವಹಾರ ನಡೆಸುವವರಿಗೆ ಗಿರಾಕಿಯನ್ನು ಬೇಡವೆನ್ನುವ ಹಕ್ಕು ಇರಬೇಕೋ ಬೇಡವೋ? ಇರಬೇಕಾದರೆ ಎಲ್ಲಿಯವರೆಗೆ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳಲ್ಲಿ ವ್ಯಾಪಾರಿಯ ಸ್ವಾತಂತ್ರ್ಯದ ಪರವಾಗಿಯೂ ಸಾಕಷ್ಟು ಹೇಳಬೇಕಾಗಿದೆ, ಅದನ್ನು ಓದಿ ನಿಮ್ಮ ಮಾವನವರು ಮಾಡಿದ್ದಕ್ಕೆ ಎಲ್ಲೋ ಒಂದು ಸಮರ್ಥನೆ ಸಿಕ್ಕಿತೆಂದು ಯಾರೂ ತಿಳಿಯಬಾರದು. ನೀವು ಎರಡೂ ಘಟನೆಗಳನ್ನು ಒಂದೇ ಪತ್ರದಲ್ಲಿ ಬರೆದದ್ದು ಒಳ್ಳೆಯದೇ ಆಯಿತು. ಬಾಗಿಲು ಒಂದೇ, ‘ಬೇಡ’ ಎಂಬ ಮಾತೂ ಒಂದೇ. ಆದರೆ ಮೊದಲನೆಯದು ನಿಮ್ಮ ಹಕ್ಕು, ಎರಡನೆಯದು ಜೈಲಿಗೆ ಕಳಿಸಬಹುದಾದ ಅಪರಾಧ.

ಮೊದಲು ಹಕ್ಕಿನ ಮಾತು. ಸಂವಿಧಾನದ 19ನೆಯ ವಿಧಿಯ ಒಂದನೆಯ ಖಂಡದ ‘ಜಿ’ ಉಪಖಂಡವು ಯಾವುದೇ ವೃತ್ತಿ, ವ್ಯಾಪಾರ, ವ್ಯವಹಾರ ನಡೆಸುವ ಹಕ್ಕನ್ನು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. 1872ರ ಕರಾರು ಅಧಿನಿಯಮದ ಪ್ರಕಾರ ಕರಾರು ಹುಟ್ಟಬೇಕಾದರೆ ಇಬ್ಬರ ಮುಕ್ತ ಒಪ್ಪಿಗೆ ಬೇಕು. ಅಂಗಡಿಯವನು ಸಾಮಾನನ್ನು ಗಾಜಿನ ಹಿಂದೆ ಜೋಡಿಸಿಟ್ಟ ಮಾತ್ರಕ್ಕೆ ಬಂದವರಿಗೆಲ್ಲ ಮಾರಲೇಬೇಕೆಂಬ ಕರಾರಿಗೆ ಆತ ಒಳಪಟ್ಟ ಹಾಗಾಗುವುದಿಲ್ಲ. ಅದು ಕೊಳ್ಳಲು ಮುಂದೆ ಬನ್ನಿ ಎಂಬ ಆಹ್ವಾನ ಅಷ್ಟೆ. ಆದ್ದರಿಂದ ಹಣ ಕೊಡದವನನ್ನು, ಹಿಂದಿನ ಬಾಕಿ ತೀರಿಸದವನನ್ನು, ಬಾಗಿಲು ಹಾಕುವ ಹೊತ್ತಿಗೆ ಬಂದವನನ್ನು, ಗುರುತಿನ ಚೀಟಿ ತೋರಿಸಲು ಒಪ್ಪದವನನ್ನು, ಕೆಲಸದ ಹೆಣ್ಣುಮಕ್ಕಳೊಡನೆ ಅಸಭ್ಯವಾಗಿ ನಡೆದುಕೊಂಡವನನ್ನು ಹಿಂದೆ ಕಳಿಸಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕೆಲವು ಕಡೆ ಕಾನೂನೇ ‘ಬೇಡ’ ಎನ್ನಲು ಹೇಳುತ್ತದೆ. ಇಪ್ಪತ್ತೊಂದು ತುಂಬದವರಿಗೆ ಬೀಡಿ ಸಿಗರೇಟು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಹೇಳುತ್ತದೆ. ಚೀಟಿಯಿಲ್ಲದೆ ಎಷ್ಟೋ ಔಷಧಗಳನ್ನು ಔಷಧದಂಗಡಿಯವರು ಕೊಡುವಂತಿಲ್ಲ. ಕುಡಿದು ಬಂದ ಎಂಟು ಮಂದಿಯ ವಿಷಯದಲ್ಲಿ ನೀವು ಮಾಡಿದ್ದನ್ನು ಯಾವ ನ್ಯಾಯಾಲಯವೂ ತಪ್ಪೆನ್ನಲಾರದು. ತೋಟದ ನಡುವಿನ ಒಂಟಿ ಮನೆಯಲ್ಲಿ ರಾತ್ರಿ ಕಳೆಯಬೇಕಾದವರು ನೀವು, ನಿಮ್ಮ ಮನೆಯ ಮಕ್ಕಳು. ನಿಮ್ಮ ಭದ್ರತೆಯನ್ನು ನೀವೇ ತೂಗಿ ನೋಡುವ ಅವಕಾಶವನ್ನು ಕಿತ್ತುಕೊಂಡು, ಬಾಗಿಲು ತಟ್ಟಿದವರಿಗೆಲ್ಲ ಕೋಣೆ ಕೊಡಿ ಎಂದು ಸರ್ಕಾರ ಕಡ್ಡಾಯ ಮಾಡಿದರೆ ಅದನ್ನು ವಿರೋಧಿಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.

ಆದರೆ ಇಲ್ಲೆಲ್ಲ ನಿರಾಕರಣೆಗೆ ಕಾರಣವಾದದ್ದು ಎದುರಿಗೆ ನಿಂತವನು ಏನು ಮಾಡಿದ ಎಂಬುದು. ಅವನು ಬಾಯಿ ತೊಳೆದು, ಅಮಲು ಇಳಿದು, ನಾಳೆ ಸರಿಯಾಗಿ ಬಂದರೆ ಬಾಗಿಲು ತೆರೆಯಬಹುದು. ನಿಮ್ಮ ಮಾವನವರು ಕೇಳಿದ ಪ್ರಶ್ನೆಗೆ ಆ ಕುಟುಂಬದವರು ಕೊಡಬಹುದಾದ ಉತ್ತರವನ್ನು ನಾಳೆಯಲ್ಲ, ಅವರ ಮೊಮ್ಮಕ್ಕಳ ಕಾಲಕ್ಕೂ ಬದಲಿಸಲು ಬರುವುದಿಲ್ಲ.

ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ಒಮ್ಮೆ ಮನೆಯವರೆಲ್ಲ ಕೂತು ಓದಿ. ಮೂಲಭೂತ ಹಕ್ಕುಗಳು ಸರ್ಕಾರದ ಕೈ ಕಟ್ಟುವುದಕ್ಕೆ ಇರುವಂಥವು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಈ ಖಂಡ ಹಾಗಲ್ಲ. ಅದು ನೇರವಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಈ ಐದರಲ್ಲಿ ಯಾವುದೊಂದನ್ನು ಮಾತ್ರವೇ ಕಾರಣವಾಗಿಟ್ಟುಕೊಂಡು ಯಾವ ನಾಗರಿಕನನ್ನೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಬಾರದಂತೆ ತಡೆಯಕೂಡದು ಎಂದು ಅದು ಹೇಳುತ್ತದೆ. ಇದರ ಮೇಲೆ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಚರ್ಚೆ ನಡೆದಾಗ ‘ಅಂಗಡಿ’ ಎಂದರೆ ಏನೇನು ಎಂಬ ಪ್ರಶ್ನೆ ಎದ್ದಿತು. ಡಾ. ಬಿ.ಆರ್. ಅಂಬೇಡ್ಕರ್ ಆ ಶಬ್ದವನ್ನು ಅತಿ ವಿಶಾಲವಾದ ಅರ್ಥದಲ್ಲಿ ಬಳಸಿದ್ದೇನೆಂದು ಸ್ಪಷ್ಟಪಡಿಸಿದರು. ಕೇವಲ ಒಳಗೆ ಕಾಲಿಡುವ ಅನುಮತಿಯಲ್ಲ, ಷರತ್ತುಗಳಿಗೆ ಒಪ್ಪಿದವನಿಗೆ ಸೇವೆ ಸಿಗಬೇಕೆಂಬುದೇ ಅದರ ಅರ್ಥ, ತನ್ನ ಸೇವೆಯನ್ನು ಮುಂದಿಟ್ಟು ಕೂತ ಎಲ್ಲರಿಗೂ ಅದು ಅನ್ವಯಿಸುತ್ತದೆ ಎಂಬುದು ಅವರ ವಿವರಣೆಯಾಗಿತ್ತು. 2011ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಮಾತುಗಳನ್ನು ಎತ್ತಿಹಿಡಿದು, ಖಾಸಗಿ ಶಿಕ್ಷಣ ಸಂಸ್ಥೆಯೂ ಆ ‘ಅಂಗಡಿ’ಯೊಳಗೆ ಬರುತ್ತದೆ ಎಂದಿತು. ಕಾಲೇಜೇ ಅಂಗಡಿಯಾದ ಮೇಲೆ ಹೋಮ್‌ಸ್ಟೇ ಹೊರಗುಳಿಯುವುದಕ್ಕೆ ದಾರಿಯಿಲ್ಲ.

ಅಸ್ಪೃಶ್ಯತೆಯ ವಿಷಯಕ್ಕೆ ಬಂದರೆ ಕಾನೂನು ಇನ್ನೂ ಖಚಿತವಾಗಿದೆ. 17ನೆಯ ವಿಧಿ ಅದನ್ನು ಯಾವ ರೂಪದಲ್ಲಿಯೂ ಆಚರಿಸಕೂಡದೆಂದು ನಿಷೇಧಿಸಿತು. ಅದರ ಬೆನ್ನಿಗೆ ಬಂದ 1955ರ ಕಾಯ್ದೆಗೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ ಎಂದು ಹೆಸರು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಹೋಟೆಲು’ ಎಂದರೆ ಊಟ ವಸತಿಯ ಮನೆ, ತಂಗುಮನೆ, ಕಾಫಿ ಅಂಗಡಿ ಎಲ್ಲವೂ ಸೇರುತ್ತವೆ. ‘ಅಂಗಡಿ’ ಎಂದರೆ ಬಟ್ಟೆ ಒಗೆಯುವಲ್ಲಿ, ಕ್ಷೌರ ಮಾಡುವಲ್ಲಿ, ತಲೆಹೊರೆಯ ವ್ಯಾಪಾರಿಯ ಗಾಡಿಯವರೆಗೆ ಎಲ್ಲವೂ ಸೇರುತ್ತವೆ. ಅದರ 4ನೆಯ ಕಲಮು ಪ್ರವೇಶವನ್ನಷ್ಟೇ ಅಲ್ಲ, ಅಲ್ಲಿ ಇಟ್ಟ ಪಾತ್ರೆ ಲೋಟಗಳ ಬಳಕೆಯನ್ನು ತಡೆಯುವುದನ್ನೂ ಅಪರಾಧವೆನ್ನುತ್ತದೆ. 6ನೆಯ ಕಲಮಿನ ಪ್ರಕಾರ ಇತರರಿಗೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ಷರತ್ತಿನ ಮೇಲೆ ಸೇವೆ ಕೊಡುತ್ತೀರೋ ಅದೇ ಹೊತ್ತು, ಅದೇ ಜಾಗ, ಅದೇ ಷರತ್ತಿನ ಮೇಲೆ ಇವರಿಗೂ ಕೊಡಬೇಕು. ಶಿಕ್ಷೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ಸೆರೆವಾಸ, ಜೊತೆಗೆ ದಂಡ. ಕೋಣೆ ಖಾಲಿಯಿಲ್ಲ ಎಂದೆವಲ್ಲ, ಜಾತಿಯ ಮಾತು ಆಡಿಲ್ಲವಲ್ಲ ಎಂದರೆ? ಅದಕ್ಕೆ 12ನೆಯ ಕಲಮು ಇದೆ: ಪರಿಶಿಷ್ಟ ಜಾತಿಯವರಿಗೆ ಸಂಬಂಧಪಟ್ಟಂತೆ ಇಂಥ ಕೃತ್ಯ ನಡೆದಾಗ, ಬೇರೆ ಕಾರಣವನ್ನು ನೀವು ರುಜುವಾತು ಮಾಡದ ಹೊರತು, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು. ಮುಂಗಡ ಪಡೆದು, ‘ಯಾವ ಪೈಕಿ’ ಎಂದು ಕೇಳಿ, ಉತ್ತರ ಬಂದ ಮೇಲೆ ಖಾಲಿಯಿಲ್ಲ ಎಂದ ಮನೆಗೆ ಬೇರೆ ಯಾವ ಕಾರಣ ಹೇಳಿ ರುಜುವಾತು ಮಾಡುವುದಕ್ಕಿದೆ?

ಇದಲ್ಲದೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. 2016ರ ಜನವರಿಯಿಂದ ಜಾರಿಗೆ ಬಂದ ಅದರ ತಿದ್ದುಪಡಿಯು ಪರಿಶಿಷ್ಟ ಜಾತಿ, ಪಂಗಡದವರು ಅಂಗಡಿ, ಆಸ್ಪತ್ರೆ, ಸಾರ್ವಜನಿಕ ಸ್ಥಳಗಳನ್ನು ಪ್ರವೇಶಿಸದಂತೆ ತಡೆಯುವುದನ್ನೂ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಹೆಸರಿಸಿಯೇ ಸೇರಿಸಿತು. ಅಲ್ಲಿ ಶಿಕ್ಷೆ ಆರು ತಿಂಗಳಿಂದ ಐದು ವರ್ಷದವರೆಗೆ. ನಮ್ಮ ಜಿಲ್ಲೆಯ ಸಿದ್ದಿ ಜನರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಪೇಟೆಗಳಲ್ಲಿ ಅವರ ಚರ್ಮದ ಬಣ್ಣವನ್ನೂ ಗುಂಗುರು ಕೂದಲನ್ನೂ ನೋಡಿ ಬಾಗಿಲಲ್ಲೇ ನಿಲ್ಲಿಸುವವರು ಈ ಕಾಯ್ದೆಯನ್ನು ತಿಳಿದಿರಬೇಕು.

ಹಣ ತಿರುಗಿ ಕೊಟ್ಟೆವೆಂಬ ಮಾತಿಗೂ ಒಂದು ಉತ್ತರವಿದೆ. ಕೋಣೆ ಕೊಡುತ್ತೇವೆಂದು ಒಪ್ಪಿ ಮುಂಗಡ ಪಡೆದ ಗಳಿಗೆಯಲ್ಲೇ ಕರಾರು ಪೂರ್ತಿಯಾಯಿತು. ಆಮೇಲೆ ಬೇಡವೆನ್ನುವುದು ಕರಾರಿನ ಉಲ್ಲಂಘನೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಭಾಷೆಯಲ್ಲಿ ಸೇವೆಯ ನ್ಯೂನತೆ. ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅವರು ದೂರು ಕೊಡಬಹುದು. ಮಕ್ಕಳನ್ನು ಕಟ್ಟಿಕೊಂಡು ಕತ್ತಲಲ್ಲಿ ಘಟ್ಟದ ರಸ್ತೆಯಲ್ಲಿ ಬೇರೆ ಜಾಗ ಹುಡುಕಿ ಹೊರಟವರಿಗೆ ಆದದ್ದನ್ನು ಮುಂಗಡದ ಹಣ ತುಂಬಿಕೊಡುವುದಿಲ್ಲ.

ಇಲ್ಲಿಯವರೆಗೆ ಕಾನೂನು ಏನೆನ್ನುತ್ತದೆ ಎಂಬುದಾಯಿತು. ನೀವು ಕೇಳಿದ್ದು ಅದಷ್ಟನ್ನೇ ಅಲ್ಲ. ಹಕ್ಕು ಇರಬೇಕೋ ಬೇಡವೋ ಎಂದು. ಅದಕ್ಕೆ ಎದುರು ವಾದವನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡೇ ಉತ್ತರಿಸಬೇಕು. ಆ ವಾದ ಹೀಗಿದೆ: ಜಾತಿ ನೋಡಿ ಗಿರಾಕಿಯನ್ನು ಕಳೆದುಕೊಳ್ಳುವವನಿಗೆ ನಷ್ಟ ಅವನದೇ, ಪಕ್ಕದವನು ಆ ಗಿರಾಕಿಯನ್ನು ಕರೆದುಕೊಳ್ಳುತ್ತಾನೆ, ಕಾಲಕ್ರಮದಲ್ಲಿ ಪೈಪೋಟಿಯೇ ಇಂಥವರನ್ನು ಸರಿಮಾಡುತ್ತದೆ, ಕಾನೂನಿನ ದೊಣ್ಣೆ ಏಕೆ? ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿಯೇ ತಾರತಮ್ಯ ಮಾಡುವವನು ಅದಕ್ಕೆ ಬೆಲೆ ತೆರುತ್ತಾನೆಂದು ಲೆಕ್ಕ ಹಾಕಿ ತೋರಿಸಿದ್ದರು. ಆದರೆ ಅದೇ ಲೆಕ್ಕದೊಳಗೆ ಇನ್ನೊಂದು ಸಂಗತಿಯೂ ಇದೆ. ತಾರತಮ್ಯ ಅಂಗಡಿಯವನ ಮನಸ್ಸಿನಲ್ಲಿಲ್ಲದೆ ಅವನ ಉಳಿದ ಗಿರಾಕಿಗಳ ಮನಸ್ಸಿನಲ್ಲಿದ್ದರೆ, ಆಗ ಪೈಪೋಟಿ ಅದನ್ನು ಅಳಿಸುವುದಿಲ್ಲ. ತಾರತಮ್ಯವೇ ಲಾಭದ ಬಾಬತ್ತಾಗುತ್ತದೆ.

ನಾನು ಅಂಕೋಲೆಯ ಕಡೆಯ ಒಂದು ಹಳ್ಳಿಯಲ್ಲಿ ಬೆಳೆದವನು. ರಸ್ತೆಯ ತಿರುವಿನಲ್ಲಿ ಸೋಗೆಯ ಮಾಡಿನ ಒಂದು ಚಹಾದಂಗಡಿ ಇತ್ತು. ಒಳಗೆ ಬೆಂಚಿನ ಮೇಲೆ ಕೂತವರಿಗೆ ಗಾಜಿನ ಲೋಟ. ಹೊರಗೆ ಕುಕ್ಕುರುಗಾಲಲ್ಲಿ ಕೂತವರಿಗೆ ತೆಂಗಿನ ಗರಟೆ. ಗರಟೆಗಳನ್ನು ಅವರೇ ತೊಳೆದು ಬೇಲಿಯ ಗೂಟಕ್ಕೆ ಸಿಕ್ಕಿಸಿ ಹೋಗಬೇಕು. ಅಂಗಡಿಯ ಯಜಮಾನ ಕೆಟ್ಟ ಮನುಷ್ಯನಲ್ಲ. ಗರಟೆಯ ಚಹಾಕ್ಕೂ ಅದೇ ದುಡ್ಡು ಪಡೆಯುತ್ತಿದ್ದ, ಹಾಲು ಕಡಿಮೆ ಹಾಕುತ್ತಿರಲಿಲ್ಲ. ಎಲ್ಲರಿಗೂ ಲೋಟ ಕೊಟ್ಟರೆ ಒಳಗಿನ ಬೆಂಚು ಖಾಲಿಯಾಗುತ್ತದೆ ಎಂದು ಅವನು ನನ್ನ ತಂದೆಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ನನ್ನ ತಂದೆ ಒಳಗಿನ ಬೆಂಚಿನವರು. ಅವರು ಏನೂ ಹೇಳದೆ ಚಹಾ ಕುಡಿದು ಎದ್ದು ಬಂದರು. ಅಲ್ಲಿ ಮಾರುಕಟ್ಟೆ ತಾನಾಗಿ ಏನನ್ನೂ ಸರಿಮಾಡಲಿಲ್ಲ. ಒಳಗಿನ ಬೆಂಚಿನವರಾದ ನಾವೇ ಆ ಮಾರುಕಟ್ಟೆಯಾಗಿದ್ದೆವು. ಕಾನೂನು ಬಂದದ್ದರಿಂದ ಆ ಯಜಮಾನನಿಗೆ ಒಂದು ಉಪಕಾರವೂ ಆಯಿತು ಎಂದು ಈಗ ಅನ್ನಿಸುತ್ತದೆ. ಎಲ್ಲ ಅಂಗಡಿಗೂ ಒಂದೇ ನಿಯಮವೆಂದಾದರೆ, ಲೋಟ ಕೊಟ್ಟವನೊಬ್ಬನೇ ಗಿರಾಕಿ ಕಳೆದುಕೊಳ್ಳುವ ಭಯವಿರುವುದಿಲ್ಲ.

ಅಮೆರಿಕದ ಗ್ರೀನ್ಸ್‌ಬರೋ ಪಟ್ಟಣದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಎಂಬ ದೊಡ್ಡ ಅಂಗಡಿಗೆ ಹೋಗಿ ಹಲ್ಲುಜ್ಜುವ ಪೇಸ್ಟು ಮೊದಲಾದ ಸಣ್ಣಪುಟ್ಟ ಸಾಮಾನು ಕೊಂಡರು. ಅಂಗಡಿ ಅವರ ಹಣ ತೆಗೆದುಕೊಂಡಿತು. ಅದೇ ಅಂಗಡಿಯ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದಾಗ ಇಲ್ಲವೆಂದಿತು. ಪೇಸ್ಟಿಗೆ ಸಲ್ಲುವ ದುಡ್ಡು ಕಾಫಿಗೆ ಸಲ್ಲುವುದಿಲ್ಲ. ಗರಟೆಯ ಚಹಾ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆಯೇ ದೇಶದುದ್ದಕ್ಕೂ ಹೋಟೆಲು, ವಸತಿಗೃಹಗಳ ಬಾಗಿಲು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದವು. ನಿಮಗೆ ಸಂಬಂಧಿಸಿದ ಒಂದು ವಿಷಯ ಆ ಕಾಯ್ದೆಯಲ್ಲಿದೆ: ಬಾಡಿಗೆಯ ಕೋಣೆಗಳು ಐದಕ್ಕಿಂತ ಹೆಚ್ಚಿಲ್ಲದ, ಮಾಲೀಕನೇ ವಾಸವಾಗಿರುವ ಮನೆಗೆ ಅದರಿಂದ ವಿನಾಯಿತಿ ಕೊಡಲಾಗಿದೆ. ನಿಮ್ಮ ಮಾವನವರ ವಾದಕ್ಕೆ ಅತಿ ಗಟ್ಟಿಯಾದ ಆಸರೆ ಇದೇ. ಹಾಗಾಗಿ ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ನಮ್ಮ ಕಾನೂನು ಆ ವಿನಾಯಿತಿಯನ್ನು ಕೊಟ್ಟಿಲ್ಲ. ಕೊಡದೆ ಇದ್ದದ್ದೇ ಸರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಮ್ಮಲ್ಲಿ ಜಾತಿ ಬದುಕಿರುವುದೇ ಮನೆಯಲ್ಲಿ. ಒಲೆ, ನೀರು, ಎಂಜಲು, ಜಗಲಿಯ ಮೆಟ್ಟಿಲು ಇವುಗಳಲ್ಲಿ. ಮನೆಯಂಥ ಅಂಗಡಿಗಳಿಗೆ ವಿನಾಯಿತಿ ಕೊಟ್ಟರೆ ಖಾನಾವಳಿ, ಮೆಸ್ಸು, ಹೋಮ್‌ಸ್ಟೇ, ಮನೆಯ ಮುಂದಿನ ಕೋಣೆಯ ಕಿರಾಣಿ ಅಂಗಡಿ ಎಲ್ಲವೂ ಅದರೊಳಗೆ ಸೇರಿ, ಹಳ್ಳಿಗಳ ಮಟ್ಟಿಗೆ ಕಾಯ್ದೆ ಇದ್ದೂ ಇಲ್ಲದಂತಾಗುತ್ತದೆ. ಹಾಗೆಂದು ಮನೆಯೆಲ್ಲ ಬೀದಿಯಾಗಬೇಕೆಂದೂ ಅಲ್ಲ. ನಿಮ್ಮ ದೇವರ ಕೋಣೆ, ಒಳಮನೆ, ಅಡುಗೆಮನೆಗಳಿಗೆ ದುಡ್ಡು ಕೊಟ್ಟು ಬರುವ ಯಾವ ಅತಿಥಿಗೂ ಪ್ರವೇಶವಿಲ್ಲವೆಂದು ನೀವು ನಿಶ್ಚಯಿಸಬಹುದು. ಯಾರಿಗೂ ಇಲ್ಲವೆಂಬುದು ಖಾಸಗಿತನ. ಇಂಥವರಿಗೆ ಮಾತ್ರ ಇಲ್ಲವೆಂಬುದು ಬೇರೆಯೇ ಸಂಗತಿ. ನೆಂಟರನ್ನು, ಗೆಳೆಯರನ್ನು ಊಟಕ್ಕೆ ಕರೆಯುವಾಗ ಯಾರನ್ನು ಕರೆಯಬೇಕೆಂದು ಯಾವ ಕಾನೂನೂ ಕೇಳಲು ಬರುವುದಿಲ್ಲ. ರಸ್ತೆಯ ಬದಿಯಲ್ಲಿ ಬಾಣದ ಗುರುತಿನ ಫಲಕ ನಿಲ್ಲಿಸಿ, ರಾತ್ರಿಗೆ ಇಷ್ಟೆಂದು ದರ ಬರೆದು ಹಾಕಿದ ದಿನವೇ ನೀವು ಊರಿಗೆಲ್ಲ ‘ಬನ್ನಿ’ ಎಂದಿರಿ.

ಬಾಗಿಲುಗಳು ಎಷ್ಟಿವೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಹಳೆಯ ಸಾಮಾನ್ಯ ಕಾನೂನಿನಲ್ಲಿ ಬೇರೆ ವ್ಯಾಪಾರಿಗಳಿಗೆ ಇಲ್ಲದ ಒಂದು ಕಟ್ಟು ಛತ್ರದವನಿಗೆ ಮತ್ತು ಹೊಳೆ ದಾಟಿಸುವವನಿಗೆ ಇತ್ತು: ಸರಿಯಾದ ಕಾರಣವಿಲ್ಲದೆ ಅವರು ಬಂದವರನ್ನು ಹಿಂದೆ ಕಳಿಸುವಂತಿರಲಿಲ್ಲ. ಕಾರಣವನ್ನು ನಮ್ಮ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಂಜುಗುಣಿಯಲ್ಲಿ ಗಂಗಾವಳಿಯ ದಡದಲ್ಲಿ, ತದಡಿಯಲ್ಲಿ ಅಘನಾಶಿನಿಯ ದಡದಲ್ಲಿ ತಾರಿ ದೋಣಿಗಾಗಿ ಕಾದು ನಿಂತವರಿಗೆ ಗೊತ್ತಿದೆ, ಅಂಬಿಗ ಒಲ್ಲೆನೆಂದರೆ ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಹತ್ತಾರು ಮೈಲಿ ಸುತ್ತಬೇಕು. ಬೆಂಗಳೂರಿನಲ್ಲಿ ಒಂದು ಹೋಟೆಲು ಬೇಡವೆಂದರೆ ಅವಮಾನವಾಗುತ್ತದೆ, ಊಟ ತಪ್ಪುವುದಿಲ್ಲ. ಜೋಯಿಡಾದ ಕಾಡಿನೊಳಗಿನ ಹಳ್ಳಿಯಲ್ಲಿ ಇರುವುದೊಂದೇ ಅಂಗಡಿ, ಇರುವುದೊಂದೇ ಜೀಪು. ಅಲ್ಲಿಯ ‘ಬೇಡ’ಕ್ಕೆ ಬಹಿಷ್ಕಾರದ ತೂಕವಿರುತ್ತದೆ. ಆಯ್ಕೆಗಳು ಕಡಿಮೆಯಾದಷ್ಟೂ ನಿರಾಕರಿಸುವ ಹಕ್ಕು ಸಣ್ಣದಾಗಬೇಕು. ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವೆಗೆ ಓಡಬೇಕಾದ ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಗಳ ಮಟ್ಟಿಗೆ ಇದು ಜೀವದ ಪ್ರಶ್ನೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವಾಪಾಯದಲ್ಲಿರುವವನಿಗೆ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದ್ದರ ಹಿಂದೆ ಇರುವುದೂ ಇದೇ ವಿವೇಕ.

ಈ ಹಕ್ಕುಗಳಿಗೆ ಈ ನೆಲದಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯ ಬೇರಿದೆ. ಉತ್ತರ ಕನ್ನಡ 1956ರವರೆಗೂ ಮುಂಬಯಿಗೆ ಸೇರಿತ್ತು. ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂಬ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬಯಿ ಶಾಸನ ಪರಿಷತ್ತು 1923ರಲ್ಲಿಯೇ ಅಂಗೀಕರಿಸಿತ್ತು. ಆ ಗೊತ್ತುವಳಿ ಕಾಗದದಲ್ಲೇ ಉಳಿದದ್ದರಿಂದ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆಯಬೇಕಾಯಿತು.

ಇನ್ನು ಕಾನೂನಿನ ಕೊರತೆಗಳ ಮಾತು. 15ನೆಯ ವಿಧಿಯಲ್ಲಿ ಐದು ಕಾರಣಗಳನ್ನು ಹೆಸರಿಸಿದ್ದರೂ ಅಸ್ಪೃಶ್ಯತೆಗೆ ಇರುವಂಥ ನೇರ ಶಿಕ್ಷೆ ಉಳಿದವಕ್ಕೆ ಇಲ್ಲ. ಹೆಸರು ಕೇಳಿ ಮುಸ್ಲಿಮರೆಂದೋ ಕ್ರೈಸ್ತರೆಂದೋ ಕೋಣೆ ಕೊಡದವನು, ಒಂಟಿ ಹೆಣ್ಣುಮಗಳೆಂದು ಲಾಡ್ಜಿನ ಮೇಜಿನಿಂದಲೇ ಹಿಂದೆ ಕಳಿಸಿದವನು ಸಂವಿಧಾನವನ್ನು ಮುರಿದಿದ್ದಾನೆ ನಿಜ. ಆದರೆ ಆ ಹೆಣ್ಣುಮಗಳು ಶಿರಸಿಯ ಠಾಣೆಗೆ ಹೋಗಿ ಯಾವ ಕಲಮಿನಡಿ ದೂರು ಕೊಡಬೇಕು? ಹೈಕೋರ್ಟಿನ ಮೆಟ್ಟಿಲು ಹತ್ತುವುದು ಒಂದು ರಾತ್ರಿಯ ವಸತಿಗಾಗಿ ಆಗಿಹೋಗುವ ಮಾತಲ್ಲ. ಖಾಸಗಿಯವರ ತಾರತಮ್ಯಕ್ಕೆಲ್ಲ ಅನ್ವಯವಾಗುವ ಒಂದು ಸಮಗ್ರ ಕಾಯ್ದೆ, ಬ್ರಿಟನ್ 2010ರಲ್ಲಿ ಮಾಡಿಕೊಂಡಂಥದ್ದು, ನಮಗೂ ಬೇಕು. ಬಿಡಿಬಿಡಿಯಾಗಿ ಕೆಲವು ಬಂದಿವೆ: ಅಂಗವಿಕಲರಿಗಾಗಿ 2016ರದು, ಎಚ್‌ಐವಿ ಸೋಂಕಿತರಿಗಾಗಿ 2017ರದು, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರದು. ಕೋಲ್ಕತ್ತದಿಂದ ಗೋವೆಗೆ ಹೊರಟಿದ್ದ ವಿಮಾನದಿಂದ 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಮಹಿಳೆಯೊಬ್ಬರನ್ನು ಇಳಿಸಿಬಿಟ್ಟ ಸಂಸ್ಥೆಗೆ ಸುಪ್ರೀಂ ಕೋರ್ಟು 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಇನ್ನೊಂದು ತೊಡಕೂ ಇದೆ. ಎರಡನೆಯ ಖಂಡದ ರಕ್ಷಣೆ ‘ನಾಗರಿಕ’ನಿಗೆ ಮಾತ್ರ. ಮುಂಡಗೋಡದಲ್ಲಿ ಎರಡು ಮೂರು ತಲೆಮಾರುಗಳಿಂದ ನಮ್ಮೊಡನೆ ಸಂತೆ ಮಾಡುತ್ತಿರುವ ಟಿಬೆಟಿಯನ್ ನಿರಾಶ್ರಿತರಲ್ಲಿ ಭಾರತದ ಪೌರತ್ವವಿಲ್ಲದವರಿಗೆ ಆ ಶಬ್ದದ ಒಳಗೆ ಜಾಗವಿಲ್ಲ.

ಉಡುಗೆ ಆ ಐದರ ಪಟ್ಟಿಯಲ್ಲಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆಯುಟ್ಟಿದ್ದಕ್ಕೆ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡದೆ ಇದ್ದಾಗ ಜನ ಸಿಟ್ಟಾದರು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಬಂದಾಗ ಮುಚ್ಚಿಸುವುದು, ಬಾರದಿದ್ದಾಗ ಸುಮ್ಮನಿರುವುದು ಕಾನೂನಿನ ರೀತಿಯಲ್ಲ. ಉಡುಗೆಯ ನಿಯಮ ಎಲ್ಲರಿಗೂ ಒಂದೇ ಎಂದು ಹೇಳುವವರು, ಆ ನಿಯಮ ಯಾರ ಮೈಮೇಲಿನ ಬಟ್ಟೆಯನ್ನು ಅಳತೆಗೋಲು ಮಾಡಿಕೊಂಡಿದೆ ಎಂದು ಕೇಳಿಕೊಳ್ಳಬೇಕು. ಅಂಕೋಲೆ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ, ಹಾಲಕ್ಕಿ ಹೆಂಗಸರ ಉಡುಗೆಯಲ್ಲೇ ರಾಷ್ಟ್ರಪತಿ ಭವನಕ್ಕೆ ನಡೆದುಹೋಗಿ ಪದ್ಮಶ್ರೀ ಪಡೆದರು. ಅದೇ ಉಡುಗೆಯಲ್ಲಿ ತರಕಾರಿ ಮಾರಲು ಬಂದ ಹಾಲಕ್ಕಿ ಹೆಂಗಸು ನಮ್ಮ ಪೇಟೆಗಳ ಹವಾನಿಯಂತ್ರಿತ ಹೋಟೆಲಿನಲ್ಲಿ ನಿಶ್ಚಿಂತೆಯಿಂದ ಕುರ್ಚಿ ಎಳೆದು ಕೂರಬಲ್ಲಳೇ ಎಂಬುದನ್ನು ಹೋಟೆಲಿನವರು ತಮ್ಮ ಬಾಗಿಲ ಬಳಿ ನಿಂತು ನೋಡಲಿ.

ಪರ ಊರಿನವರಿಗೆ ಮಾತ್ರ, ಸ್ಥಳೀಯರಿಗೆ ಕೋಣೆ ಇಲ್ಲವೆನ್ನುವ ರೂಢಿಯೂ ಕರಾವಳಿಯ ಲಾಡ್ಜುಗಳಲ್ಲಿದೆ. ‘ಹುಟ್ಟಿದ ಸ್ಥಳ’ ಮತ್ತು ‘ವಾಸದ ಸ್ಥಳ’ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟು 1955ರಷ್ಟು ಹಿಂದೆಯೇ ಭೇದ ಮಾಡಿರುವುದರಿಂದ ಇದು ನೇರವಾಗಿ 15ನೆಯ ವಿಧಿಗೆ ಸಿಕ್ಕುವುದಿಲ್ಲ. ಆದರೂ ಕಾರವಾರದ ಆಸ್ಪತ್ರೆಯಲ್ಲಿ ರೋಗಿಯನ್ನು ಇಟ್ಟುಕೊಂಡು ಬಸ್ಸು ತಪ್ಪಿದವನು, ಆಧಾರ್ ಕಾರ್ಡಿನಲ್ಲಿ ಇದೇ ಜಿಲ್ಲೆಯ ವಿಳಾಸವಿದೆಯೆಂಬ ಒಂದೇ ಕಾರಣಕ್ಕೆ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುವಂತಾಗುವುದನ್ನು ನಾನು ಸರಿಯೆನ್ನಲಾರೆ. ಮದುವೆಯಾಗದ ವಯಸ್ಕ ಜೋಡಿಗೆ ಕೋಣೆ ಕೊಡುವುದನ್ನು ನಿಷೇಧಿಸುವ ಕಾನೂನು ಯಾವುದೂ ಇಲ್ಲವೆಂದು ಮದರಾಸು ಹೈಕೋರ್ಟು 2019ರಲ್ಲಿ ಹೇಳಿದೆ. ಕೊಡಲೇಬೇಕೆಂಬ ಕಾನೂನೂ ಇಲ್ಲ. ಇಲ್ಲಿ ನಿಮ್ಮ ವಿವೇಚನೆ ನಿಮ್ಮದು.

ಅಂತಃಸಾಕ್ಷಿಯ ಪ್ರಶ್ನೆಯನ್ನು ನೀವು ಎತ್ತಿಲ್ಲ, ನಿಮ್ಮ ಮಾವನವರು ಎತ್ತಬಹುದು. ನಮ್ಮ ಮನೆಯ ಆಚಾರಕ್ಕೆ ವಿರುದ್ಧವಾದದ್ದನ್ನು ಮಾಡೆಂದು ಯಾರಾದರೂ ಒತ್ತಾಯಿಸಬಹುದೇ? ಒತ್ತಾಯಿಸುವಂತಿಲ್ಲ. ನೀವು ಸಸ್ಯಾಹಾರದ ಅಡುಗೆಯನ್ನಷ್ಟೇ ಮಾಡುವವರಾದರೆ, ಮೀನು ಹುರಿದು ಕೊಡಿ ಎಂದು ಬಂದವರು ಹಟ ಹಿಡಿಯಲು ಬರುವುದಿಲ್ಲ. ಏನನ್ನು ಬಡಿಸಬೇಕೆಂಬುದು ನಿಮಗೆ ಬಿಟ್ಟದ್ದು, ಯಾರಿಗೆ ಬಡಿಸಬೇಕೆಂಬುದು ಬಿಟ್ಟದ್ದಲ್ಲ. ಮುದ್ರಣಾಲಯದವನು ಒಂದು ಸಮುದಾಯವನ್ನು ಬೈಯುವ ಕರಪತ್ರವನ್ನು ಅಚ್ಚು ಹಾಕಲಾರೆ ಎನ್ನಬಹುದು. ದಲಿತರ ಮನೆಯ ಮದುವೆಯ ಕರೆಯೋಲೆಯನ್ನು ಹಾಕಲಾರೆ ಎನ್ನುವಂತಿಲ್ಲ. ಯಕ್ಷಗಾನ ಮೇಳವು ತನಗೆ ಒಗ್ಗದ ಪ್ರಸಂಗವನ್ನು ಆಡಲಾರೆನೆನ್ನಬಹುದು. ಆಟ ಆಡಿಸುವವರು ಕೇರಿಯವರೆಂದು ವೀಳ್ಯ ತಿರುಗಿಸುವಂತಿಲ್ಲ. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಉತ್ತರ ಐರ್ಲೆಂಡಿನ ಬೇಕರಿಯೊಂದರ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು ಈ ಭೇದದ ಮೇಲೆಯೇ: ಸಲಿಂಗ ವಿವಾಹವನ್ನು ಬೆಂಬಲಿಸುವ ಬರಹವನ್ನು ಕೇಕಿನ ಮೇಲೆ ಬರೆಯಲು ಬೇಕರಿಯವರು ಒಪ್ಪಲಿಲ್ಲ, ಆದರೆ ಅವರು ಬೇಡವೆಂದದ್ದು ಬರಹವನ್ನು, ಗಿರಾಕಿಯನ್ನಲ್ಲ. ನಿಮ್ಮ ಮಾವನವರು ಬೇಡವೆಂದದ್ದು ಮನುಷ್ಯರನ್ನು.

ಈಗ ಮಾಡಬೇಕಾದ ಕೆಲಸ. ಆ ಕುಟುಂಬದ ಫೋನ್ ಸಂಖ್ಯೆ ನಿಮ್ಮ ಬಳಿ ಇದೆ. ಕರೆ ಮಾಡಿ, ನಡೆದದ್ದು ತಪ್ಪೆಂದು, ಕೋಣೆ ಖಾಲಿಯಿತ್ತೆಂದು ನಿಜವನ್ನೇ ಹೇಳಿ ಕ್ಷಮೆ ಕೇಳಿ. ಕ್ಷಮೆ ಕೇಳಿದ ಮಾತ್ರಕ್ಕೆ ಕಾನೂನಿನ ಹೊಣೆ ತಾನಾಗಿ ಅಳಿಯುವುದಿಲ್ಲ, ದೂರು ಕೊಡುವ ಅವರ ಹಕ್ಕು ಹಾಗೆಯೇ ಇರುತ್ತದೆ; ಕ್ಷಮೆಯನ್ನು ದೂರು ತಪ್ಪಿಸುವ ಉಪಾಯವಾಗಿ ಬಳಸಬೇಡಿ, ಹಣದ ಮಾತನ್ನೂ ಆಡಬೇಡಿ. ಅವರು ದೂರು ಕೊಟ್ಟರೆ ಒಬ್ಬ ವಕೀಲರನ್ನು ಕಂಡು ನಡೆದದ್ದನ್ನು ನಡೆದಂತೆ ಹೇಳಿ. ಎರಡನೆಯದಾಗಿ, ನಿಮ್ಮ ನಿಯಮಗಳನ್ನು ಕನ್ನಡದಲ್ಲಿ ಬರೆದು ಜಗಲಿಯ ಗೋಡೆಗೆ ಹಾಕಿ: ಮದ್ಯಪಾನ ಮಾಡುವಂತಿಲ್ಲ, ರಾತ್ರಿ ಇಷ್ಟು ಗಂಟೆಯ ಮೇಲೆ ಗದ್ದಲವಿಲ್ಲ, ಗುರುತಿನ ಚೀಟಿ ಬೇಕು, ಒಳಮನೆಗೆ ಯಾವ ಅತಿಥಿಗೂ ಪ್ರವೇಶವಿಲ್ಲ, ಊಟ ಸಸ್ಯಾಹಾರ. ಕೋಣೆ ಹೇಳುವವರಿಗೆ ಅವನ್ನು ಮೊದಲೇ ಫೋನಿನಲ್ಲಿ ಕಳಿಸಿ. ‘ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ’ ಎಂಬ ಫಲಕ ಈಗಾಗಲೇ ಇದ್ದರೆ ತೆಗೆದುಬಿಡಿ. ಆ ಫಲಕದಿಂದ ಕಾನೂನು ಕೊಡದ ಯಾವ ಹಕ್ಕೂ ನಿಮಗೆ ಬರುವುದಿಲ್ಲ, ಓದಿದವರಿಗೆ ಮಾತ್ರ ತಾವು ಇಲ್ಲಿ ಸಲ್ಲುತ್ತೇವೋ ಇಲ್ಲವೋ ಎಂಬ ಅಳುಕು ಹುಟ್ಟುತ್ತದೆ. ಇನ್ನು, ಬಂದವರನ್ನು ಎದುರುಗೊಳ್ಳುವ ಕೆಲಸವನ್ನು ಮಾವನವರಿಂದ ನೀವೋ ನಿಮ್ಮ ಮಗನೋ ವಹಿಸಿಕೊಳ್ಳಿ. ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆ, ಬಂದ ಹೊತ್ತು, ಹೋಗುವ ಹೊತ್ತು ಇಷ್ಟಕ್ಕೆ ಅಂಕಣಗಳಿರಲಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ತಿಳಿಸಬೇಕು, ಅದನ್ನು ಮಗನಿಗೆ ಕಲಿಸಿಡಿ. ‘ಯಾವ ಪೈಕಿ’ ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಅಂಕಣ ಬೇಡ, ಜಗಲಿಯ ಮಾತಿನಲ್ಲಿಯೂ ಬೇಡ.